ಅಜ್ಜನ ಊಟ, ಕಂಬಳದ ಓಟ

ಆದಿಮಾನವನ ಆಹಾರ (ಪ್ಯಾಲಿಯೋ) ಎಂದು ಬಾದಾಮಿ, ಬಟರ್‌ಫ್ರೂಟ್ ಹುಡುಕಿ ಮಣಿಪಾಲದ ಅಂಗಡಿ ಅಂಗಡಿ ಅಲೆಯಬೇಡಿ. ನಮ್ಮ ಕರಾವಳಿಯ ಹಿರಿಯರ ಬಟ್ಟಲಲ್ಲಿದ್ದದ್ದು ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ತಿಮರೆ (ಒಂದೆಲಗ) ಚಟ್ನಿ, ಬೂತಾಯಿ ಮೀನು. ಬೂತಾಯಿಯಲ್ಲಿ ಒಮೇಗಾ-3 ಕೊಬ್ಬು ಧಾರಾಳ. ಎಣ್ಣೆಯಲ್ಲಿ ಮುಳುಗಿಸಿ ಕರಿಯುವ ಬದಲು ಪುಳಿಮುಂಚಿ ಮಾಡಿ. ಗಂಜಿಯ ಪ್ರಮಾಣದಲ್ಲಿ ಮಾತ್ರ ಅಜ್ಜನನ್ನು ಅನುಕರಿಸಬೇಡಿ. ಅವರು ಗದ್ದೆ ಉತ್ತು ಬಂದು ಉಣ್ಣುತ್ತಿದ್ದರು, ನಾವು ಕುರ್ಚಿಯಿಂದೆದ್ದು ಬರುವವರು.

ಇನ್ನು ತೀವ್ರ ವ್ಯಾಯಾಮ. ಅದನ್ನು ಕೋಣಗಳ ಓಟವಾದ ಕಂಬಳದಿಂದ ಕಲಿಯಬೇಕು. 2020ರಲ್ಲಿ ಐಕಳ ಕಂಬಳದಲ್ಲಿ ಕೋಣ ಓಡಿಸುವ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದಾಗ ದೇಶವೇ ಬೆರಗಾಯಿತು. ಕಾರ್ಕಳದ ಮಿಯಾರು ಕಂಬಳಕ್ಕೆ ಹೋದವರಿಗೆ ಗೊತ್ತು: ಕೆಲವೇ ಸೆಕೆಂಡು ಜೀವ ಪಣಕ್ಕಿಟ್ಟ ಓಟ, ಆಮೇಲೆ ದಂಡಿಯಾಗಿ ವಿಶ್ರಾಂತಿ. ಆ ವಿಶ್ರಾಂತಿಯನ್ನೇ ಜಿಮ್ಮಿನ ಹುಡುಗರು ಮರೆಯುವುದು!

ಕಾಪು ಕಡಲತೀರದಲ್ಲಿ, ಅಲೆ ತೋಯಿಸಿದ ಗಟ್ಟಿ ಮರಳಿನ ಮೇಲೆ 20 ಸೆಕೆಂಡು ಬಿರುಸಾಗಿ ಓಡಿ, ಎರಡು ನಿಮಿಷ ನಡೆಯಿರಿ. ಶುರುವಿಗೆ ನಾಲ್ಕು ಸುತ್ತು, ವಾರಕ್ಕೆ ಎರಡೇ ದಿನ ಸಾಕು. ಒಣ ಮರಳು ಬೇಡ, ಕಾಲು ಉಳುಕೀತು. ಬಿಪಿ, ಸಕ್ಕರೆ ಕಾಯಿಲೆ ಇರುವವರು, 40 ದಾಟಿದವರು ಮೊದಲು ಡಾಕ್ಟರಿಗೆ ತೋರಿಸಿ. ಮಳೆಗಾಲದಲ್ಲಿ ಕಡಲ ಸಹವಾಸ ಬೇಡ. ಮನೆಯ ಮೆಟ್ಟಿಲೇ ಆದೀತು.