ಅಂತರಜಾಲದ ಪ್ರಮಾಣಪತ್ರಗಳ ಬೆಲೆ

ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ವಿದ್ಯಾರ್ಥಿಗಳಿಗೆ ದೂರದ ವಿದ್ಯಾಸಂಸ್ಥೆಗಳ ಪಾಠಗಳು ಇಂದು ಅಂತರಜಾಲದ ಮೂಲಕ ಮನೆಯಲ್ಲಿಯೇ ದೊರೆಯುತ್ತಿವೆ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ‘ಸ್ವಯಂ’ ಯೋಜನೆಯಲ್ಲಿ ಕಲಿಕೆ ಉಚಿತ. ಪ್ರಮಾಣಪತ್ರವನ್ನು ಬಯಸುವವರು ಶುಲ್ಕ ತೆತ್ತು, ನಿಗದಿತ ಕೇಂದ್ರದಲ್ಲಿ ಪರೀಕ್ಷೆ ಬರೆಯಬೇಕು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2021ರ ನಿಯಮದಂತೆ, ವಿಶ್ವವಿದ್ಯಾನಿಲಯವು ಒಪ್ಪಿದಲ್ಲಿ, ಒಂದು ಸೆಮಿಸ್ಟರಿನ ಪಠ್ಯವಿಷಯಗಳಲ್ಲಿ ಶೇಕಡಾ 40ರವರೆಗೆ ಹೀಗೆ ಪೂರೈಸಬಹುದು. ಬರಿದೆ ಪಾಠ ನೋಡಿದ ಮಾತ್ರಕ್ಕೆ ಕೊಡುವ ಪತ್ರಗಳಿಗೆ ಈ ಮಾನ್ಯತೆಯಿಲ್ಲ. ಹೊಲದಲ್ಲಿ, ಮಗ್ಗದಲ್ಲಿ ಹೆತ್ತವರು ದುಡಿದ ಹಣವನ್ನು ತೆರುವ ಮುನ್ನ ಮೂರು ಸಂಗತಿಗಳನ್ನು ವಿಚಾರಿಸುವುದು ವಿಹಿತ: ಪತ್ರ ನೀಡುವವರಾರು? ಪರೀಕ್ಷೆ ಎಂತಹುದು? ಯಾವ ಕಾಲೇಜು, ಯಾವ ಉದ್ಯೋಗದಾತರು ಅದನ್ನು ಒಪ್ಪುವರು? ಪತ್ರದಲ್ಲಿ ಬರೆದುದನ್ನು ಕೈಯಾರೆ ಮಾಡಿ ತೋರಿಸಬಲ್ಲವರಿಗೇ ಕಾಯಕವು ಒಲಿಯುವುದೆಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು.