‘ಇಟ್ಟುಕೊಂಡಿದ್ದಾರಲ್ಲ’ ಎಂದು ಸುಮ್ಮನಿರಬೇಡಿ

ಕಾನೂನು ನೆರವು ಶಿಬಿರಕ್ಕೆ ಬಂದಿದ್ದ ತಾಯಿಯೊಬ್ಬರು ಚೀಲದಿಂದ ಒಂದು ಅಂಗಿ ತೆಗೆದು ನನ್ನ ಮುಂದಿಟ್ಟರು. ‘ಇದು ನನ್ನ ಮಗನ ಮೈಮೇಲಿದ್ದ ಅಂಗಿ ಮೇಡಂ. ಆದ್ರೆ ನನ್ನ ಮಗನ ಅಂಗಿ ಅಲ್ಲ’ ಎಂದರು. ಮಗನಿಗೆ ಮೂವತ್ತೊಂದು ವರ್ಷ. ಬೌದ್ಧಿಕ ವಿಕಲಚೇತನ. ನಾಲ್ಕು ವರ್ಷದಿಂದ ಊರಾಚೆಯ ಹೋಮ್ ಒಂದರಲ್ಲಿದ್ದಾನೆ. ಅವನ ಪ್ರತಿ ಅಂಗಿಯ ಕಾಲರಿನ ಒಳಗೆ ಆಕೆ ಕೆಂಪು ದಾರದಲ್ಲಿ ಅವನ ಹೆಸರಿನ ಮೊದಲಕ್ಷರ ಹೊಲಿದು ಕಳಿಸುತ್ತಾರೆ. ಮೇಜಿನ ಮೇಲಿದ್ದ ಅಂಗಿಗೆ ಆ ಕೆಂಪು ದಾರ ಇರಲಿಲ್ಲ, ಎರಡು ಗುಂಡಿಗಳೂ ಇರಲಿಲ್ಲ. ‘ಎಲ್ಲರದ್ದೂ ಒಟ್ಟಿಗೆ ಒಗೀತೀವಮ್ಮ, ಕೈಗೆ ಸಿಕ್ಕಿದ್ದು ಹಾಕ್ತೀವಿ’ ಎಂದಿದ್ದರಂತೆ ಅಲ್ಲಿಯವರು.

ಆಕೆ ದೂರು ಕೊಡಲು ಬಂದಿರಲಿಲ್ಲ. ‘ಇದನ್ನ ಕೇಳಬಹುದಾ ಮೇಡಂ? ಕೇಳಿದ್ರೆ ನಾಳೆನೇ ಬಂದು ಕರ್ಕೊಂಡು ಹೋಗಿ ಅಂದ್ಬಿಟ್ರೆ? ನನಗೆ ಅರವತ್ತೆಂಟು.’

ಈ ಭಯವನ್ನು ನಾನು ಬೇರೆ ಬೇರೆ ಅಪ್ಪ ಅಮ್ಮಂದಿರ ಬಾಯಲ್ಲಿ ಕೇಳಿದ್ದೇನೆ. ನಮ್ಮ ನಂತರ ಇವನಿಗೆ ಯಾರು ಎಂಬ ಚಿಂತೆಯಲ್ಲಿರುವವರಿಗೆ ಹೋಮ್‌ನವರು ಇಟ್ಟುಕೊಂಡದ್ದೇ ದೊಡ್ಡ ಉಪಕಾರ ಅನ್ನಿಸುತ್ತದೆ. ಕಾನೂನು ಮಾತ್ರ ಅದನ್ನು ಉಪಕಾರವೆಂದು ಎಲ್ಲಿಯೂ ಹೇಳುವುದಿಲ್ಲ. ಅಲ್ಲಿ ವಾಸಿಸುವವರಿಗೆ ಹಕ್ಕುಗಳಿವೆ, ನಡೆಸುವವರಿಗೆ ಹೊಣೆಗಳಿವೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಓದು, ಬರಹ, ಲೆಕ್ಕದಲ್ಲಷ್ಟೇ ತೊಡಕಿರುವುದನ್ನು ನಮ್ಮ ಕಾನೂನು ನಿರ್ದಿಷ್ಟ ಕಲಿಕಾ ನ್ಯೂನತೆ ಎಂದು ಬೇರೆಯಾಗಿ ಗುರುತಿಸುತ್ತದೆ. ತರ್ಕ, ಕಲಿಕೆ, ದಿನನಿತ್ಯದ ವ್ಯವಹಾರ ಎಲ್ಲದರಲ್ಲೂ ಗಣನೀಯ ಮಿತಿಯಿದ್ದರೆ ಅದು ಬೌದ್ಧಿಕ ವಿಕಲತೆ. ಇಲ್ಲಿ ಹೇಳುತ್ತಿರುವುದು ಈ ಎರಡನೆಯವರ ಬಗ್ಗೆ. ‘ಬುದ್ಧಿಮಾಂದ್ಯ’ ಎಂಬ ಹಳೆಯ ಪದ ಕೆಲವು ಕಡತಗಳಲ್ಲಿ ಇನ್ನೂ ಇದೆ. ನಾವು ಅದನ್ನು ಬಿಡೋಣ.

2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 5ನೇ ಕಲಂ ಪ್ರಕಾರ ವಿಕಲಚೇತನರಿಗೆ ಸಮುದಾಯದ ನಡುವೆ ಬದುಕುವ ಹಕ್ಕಿದೆ. ಇಂಥದ್ದೇ ಜಾಗದಲ್ಲಿ ಇರಬೇಕೆಂದು ಅವರನ್ನು ಕಟ್ಟಿಹಾಕುವಂತಿಲ್ಲ. ಹಾಗಾಗಿ ಹೋಮ್ ಎಂದರೆ ಬೇಲಿಯೊಳಗಿನ ಲೋಕವಾಗಬೇಕಿಲ್ಲ. ನಾಲ್ಕೈದು ಜನ ಬಡಾವಣೆಯ ಮನೆಯೊಂದರಲ್ಲಿ ಸಹಾಯಕರ ಜೊತೆ ಇದ್ದು, ಅಂಗಡಿಗೆ ಹೋಗಿ ಹಾಲು ತಂದು, ಅಕ್ಕಪಕ್ಕದವರಿಗೆ ಹೆಸರು ಹಿಡಿದು ಕರೆಯುವಷ್ಟು ಪರಿಚಯವಾಗಿದ್ದರೆ ಅದು ಕಾನೂನಿನ ಆಶಯಕ್ಕೆ ಹೆಚ್ಚು ಹತ್ತಿರ.

ಮಗನನ್ನೋ ಮಗಳನ್ನೋ ಸೇರಿಸುವ ಮುನ್ನ ಗೋಡೆಯ ಮೇಲೆ ನೋಂದಣಿ ಪ್ರಮಾಣಪತ್ರ ಇದೆಯೇ ನೋಡಿ. 50ನೇ ಕಲಂ ಪ್ರಕಾರ ನೋಂದಣಿ ಇಲ್ಲದೆ ವಿಕಲಚೇತನರ ಸಂಸ್ಥೆ ನಡೆಸುವಂತಿಲ್ಲ. ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಕು. ಸರ್ಕಾರ ನಿಗದಿಪಡಿಸಿದ ಸೌಲಭ್ಯಗಳೂ ಗುಣಮಟ್ಟವೂ ಇದ್ದರಷ್ಟೇ ಅದನ್ನು ಕೊಡಬೇಕು. ಅದರ ಮೇಲಿನ ದಿನಾಂಕ ಓದಿ, ಅವಧಿ ಮುಗಿದಿರಬಹುದು. ‘ನಮ್ಮದು ಟ್ರಸ್ಟ್, ಟ್ರಸ್ಟ್ ನೋಂದಣಿ ಆಗಿದೆ’ ಎಂದರೆ ಸಾಲದು, ಅದೇ ಬೇರೆ, ಇದೇ ಬೇರೆ. ಅನುಮಾನ ಬಂದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಸರ್ಕಾರದ ಅನುದಾನ ಪಡೆಯುವ ಹೋಮ್ ಆಗಿದ್ದರೆ ಅದರ ತಪಾಸಣಾ ವರದಿಯ ಪ್ರತಿಯನ್ನು 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಇಲಾಖೆಯಿಂದಲೇ ಕೇಳಬಹುದು. 30 ದಿನದಲ್ಲಿ ಉತ್ತರ ಬರಬೇಕು.

ಕಾಗದ ಸರಿಯಿದ್ದರೆ ಎಲ್ಲವೂ ಸರಿಯಿರುತ್ತದೆಂದಲ್ಲ. ಒಳ್ಳೆಯ ಆರೈಕೆ ಸಣ್ಣಪುಟ್ಟದ್ದರಲ್ಲಿ ಕಾಣುತ್ತದೆ. ರಾತ್ರಿ ಊಟ ಎಷ್ಟು ಹೊತ್ತಿಗೆ? ಅಡುಗೆಯವರು ಮನೆಗೆ ಹೋಗಬೇಕೆಂದು ಸಂಜೆ ಐದೂವರೆಗೇ ಬಡಿಸಿ ಮಲಗಿಸುವ ಜಾಗಗಳಿವೆ. ರಾತ್ರಿ ಎಷ್ಟು ಜನಕ್ಕೆ ಒಬ್ಬ ಸಹಾಯಕ? ಹೆಣ್ಣುಮಕ್ಕಳ ಸ್ನಾನ, ಮುಟ್ಟಿನ ದಿನಗಳಲ್ಲಿ ನೋಡಿಕೊಳ್ಳುವವರು ಯಾರು? ಮೂರ್ಛೆರೋಗದ ಮಾತ್ರೆ ಯಾರು ಕೊಡುತ್ತಾರೆ, ಕೊಟ್ಟದ್ದನ್ನು ಎಲ್ಲಿ ಬರೆಯುತ್ತಾರೆ? ಹಗಲೆಲ್ಲ ತೂಕಡಿಸುತ್ತಿದ್ದರೆ ಯಾವ ವೈದ್ಯರ ಚೀಟಿಯ ಮೇಲೆ ಯಾವ ಔಷಧ ನಡೆಯುತ್ತಿದೆ ಎಂದು ಕೇಳಿ, ಚೀಟಿ ತೋರಿಸಲು ಹೇಳಿ. ಅವನ ಪಿಂಚಣಿ ಬರುವ ಖಾತೆಯ ಪಾಸ್‌ಬುಕ್, ಎಟಿಎಂ ಕಾರ್ಡ್ ಯಾರ ಬಳಿ ಇವೆ? ಮುನ್ಸೂಚನೆ ಕೊಡದೆ ಹೋದರೆ ಒಳಗೆ ಬಿಡುತ್ತಾರೆಯೇ? ಎಲ್ಲಕ್ಕಿಂತ ಮೊದಲು ಅವನನ್ನೇ ಮಾತಾಡಿಸಿ, ಸಿಬ್ಬಂದಿ ಪಕ್ಕದಲ್ಲಿಲ್ಲದಾಗ. ಮಾತು ಬಾರದವರೂ ಹೇಳುತ್ತಾರೆ. ವಾಪಸ್ ಹೊರಟಾಗ ಗೇಟಿನ ಹತ್ತಿರ ಕೈ ಬಿಡದೆ ಹಿಡಿದುಕೊಂಡರೆ ಅದೂ ಮಾತೇ.

ಶುಲ್ಕ, ಸೇವೆ, ಭೇಟಿಯ ಸಮಯ, ಹೊರಗೆ ಕಳಿಸುವುದಾದರೆ ಎಷ್ಟು ದಿನ ಮೊದಲು ತಿಳಿಸಬೇಕು ಎಂಬುದೆಲ್ಲ ಒಪ್ಪಂದಪತ್ರದಲ್ಲಿ ಇರಲಿ. ಅದು ಕನ್ನಡದಲ್ಲಿರಲಿ, ಒಂದು ಪ್ರತಿ ನಿಮ್ಮ ಕೈಲಿರಲಿ.

ಪೋಷಕತ್ವದ ವಿಷಯ ಅನೇಕರಿಗೆ ಗೊತ್ತಿಲ್ಲ. ಮಗುವಿಗೆ 18 ತುಂಬಿದ ದಿನದಿಂದ ಕಾನೂನಿನ ಕಣ್ಣಲ್ಲಿ ತಂದೆತಾಯಿ ತಾವಾಗಿಯೇ ಪೋಷಕರಾಗಿ ಉಳಿಯುವುದಿಲ್ಲ. ಬೌದ್ಧಿಕ ವಿಕಲತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ವಿಕಲತೆ ಇರುವವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರಡಿ ಜಿಲ್ಲಾಧಿಕಾರಿಗಳಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಪೋಷಕರು ಬೇಕೇ, ಯಾವ ಉದ್ದೇಶಕ್ಕೆ ಬೇಕು ಎಂಬುದನ್ನು ಸಮಿತಿಯೇ ನೋಡಿ ತೀರ್ಮಾನಿಸುತ್ತದೆ. ನೇಮಕವಾದವರು ಆರು ತಿಂಗಳೊಳಗೆ ಆ ವ್ಯಕ್ತಿಯ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷವರ್ಷವೂ ಲೆಕ್ಕ ಒಪ್ಪಿಸಬೇಕು. ನಿರ್ಲಕ್ಷ್ಯ ಮಾಡಿದರೆ, ಹಣ ನುಂಗಿದರೆ 17ನೇ ಕಲಂನಡಿ ಅವರನ್ನು ತೆಗೆಸಬಹುದು. ಅಣ್ಣತಮ್ಮಂದಿರ ನಡುವೆ ಜಮೀನು ಭಾಗವಾಗುವಾಗ ಈ ಕಲಂ ತುಂಬ ಮುಖ್ಯ. ವಿಕಲಚೇತನ ತಮ್ಮನನ್ನು ಹೋಮ್‌ಗೆ ಹಾಕಿ ಅವನ ಪಾಲನ್ನು ಉಳುವ ಮನೆಗಳನ್ನು ನಾನು ನೋಡಿದ್ದೇನೆ. ಪೋಷಕರಾದ ಮಾತ್ರಕ್ಕೆ ಅವನ ಇಷ್ಟಾನಿಷ್ಟದ ಒಡೆತನ ಸಿಗುವುದಿಲ್ಲ. ಅವನ ಜೊತೆ ಸೇರಿ, ಅವನ ಇಚ್ಛೆಯಂತೆ ತೀರ್ಮಾನ ಮಾಡಬೇಕೆಂಬುದೇ 2016ರ ಕಾಯ್ದೆಯ ನಿಲುವು.

ಈಗ ದೂರಿನ ಮಾತು. ಅಂಗಿ ಅದಲುಬದಲಾದಂಥ ವಿಷಯಕ್ಕೆ ಮೊದಲು ಹೋಮ್‌ನ ಮೇಲ್ವಿಚಾರಕರಿಗೆ ಪತ್ರ ಬರೆದು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. ಸರಿಹೋಗದಿದ್ದರೆ ಕಲ್ಯಾಣಾಧಿಕಾರಿಗೆ, ಆಮೇಲೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ. ವಿಚಾರಣೆಯಲ್ಲಿ ಸಾಕ್ಷಿಗಳನ್ನು ಕರೆಸಲು, ದಾಖಲೆ ತರಿಸಲು ಆಯುಕ್ತರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರ ಶಿಫಾರಸಿನ ಮೇಲೆ ಕ್ರಮ ಕೈಗೊಂಡು ಸಂಬಂಧಪಟ್ಟ ಇಲಾಖೆ ಮೂರು ತಿಂಗಳೊಳಗೆ ತಿಳಿಸಬೇಕು.

ಹೊಡೆತ, ಕಟ್ಟಿಹಾಕುವುದು, ಲೈಂಗಿಕ ದೌರ್ಜನ್ಯ, ಹಸಿವಿನಲ್ಲಿಡುವುದು ಬೇರೆಯೇ ಸಂಗತಿ. ಅಲ್ಲಿ ಕಾಯಬೇಡಿ. 2016ರ ಕಾಯ್ದೆಯ 7ನೇ ಕಲಂನಡಿ ಯಾರು ಬೇಕಾದರೂ ಆ ವ್ಯಾಪ್ತಿಯ ಕಾರ್ಯನಿರ್ವಾಹಕ ದಂಡಾಧಿಕಾರಿಗೆ, ಅಂದರೆ ಸಾಮಾನ್ಯವಾಗಿ ತಹಶೀಲ್ದಾರರಿಗೆ, ಮಾಹಿತಿ ಕೊಡಬಹುದು. ರಕ್ತಸಂಬಂಧ ಬೇಕಿಲ್ಲ, ಪಕ್ಕದ ಮನೆಯವರೂ ಕೊಡಬಹುದು. ದಂಡಾಧಿಕಾರಿಗಳು ತಕ್ಷಣ ಅದನ್ನು ನಿಲ್ಲಿಸುವ, ಬಿಡಿಸಿ ರಕ್ಷಣೆ ಕೊಡಿಸುವ ಕ್ರಮ ಕೈಗೊಳ್ಳಬೇಕು. ಜೊತೆಗೇ ಪೊಲೀಸರಿಗೂ ದೂರು ಕೊಡಿ. ತಮ್ಮ ಉಸ್ತುವಾರಿಯಲ್ಲಿರುವ ವಿಕಲಚೇತನರಿಗೆ ಬೇಕೆಂದೇ ಅನ್ನ ನೀರು ಕೊಡದಿರುವುದು 92ನೇ ಕಲಂ ಪ್ರಕಾರ ಅಪರಾಧ, ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡವಿದೆ. ನಿವಾಸಿ 18 ತುಂಬದ ಮಗುವಾಗಿದ್ದರೆ 1098ಕ್ಕೆ ಕರೆ ಮಾಡಿ.

‘ಹೋಮ್ ಮುಚ್ಚಿಸಿದರೆ ಇವನ ಗತಿಯೇನು?’ ಆ ತಾಯಿಯ ಪ್ರಶ್ನೆಯ ಮೂಲ ಇದು. ನೋಂದಣಿ ರದ್ದಾದರೆ ನಿವಾಸಿಗಳು ಬೀದಿಗೆ ಬೀಳಬೇಕಿಲ್ಲ. ಮನೆಯವರಿಗೆ ಒಪ್ಪಿಸಲು, ಇಲ್ಲವೇ ಮತ್ತೊಂದು ಸಂಸ್ಥೆಗೆ ವರ್ಗಾಯಿಸಲು ಅಧಿಕಾರಿ ಆದೇಶ ಮಾಡಬಹುದೆಂದು 52ನೇ ಕಲಂ ಹೇಳುತ್ತದೆ. ದೂರು ಕೊಟ್ಟವರ ಮೇಲೆ ಮುನಿಸು ಬರುವುದಿಲ್ಲವೆಂದು ನಾನು ಭರವಸೆ ಕೊಡಲಾರೆ. ಅದಕ್ಕೇ ಒಬ್ಬರೇ ಹೋಗಬೇಡಿ. ಅದೇ ಹೋಮ್‌ನ ನಾಲ್ಕು ಮನೆಯವರು ಕೂಡಿ ಒಂದೇ ಪತ್ರಕ್ಕೆ ಸಹಿ ಹಾಕಿ. ವಿಕಲಚೇತನರಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ.

ಸರ್ಕಾರಿ ಹೋಮ್‌ಗಳೂ ಇದಕ್ಕೆ ಹೊರತಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ದೇಶದ ಸರ್ಕಾರಿ ಆರೈಕೆ ಸಂಸ್ಥೆಗಳ ಪರಿಶೀಲನೆಯನ್ನು ಎಂಟು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಿಗೆ ವಹಿಸಿತು. ದೆಹಲಿಯ ಆಶಾ ಕಿರಣ ಹೋಮ್‌ನ ಸ್ಥಿತಿಗತಿಯ ಪ್ರಕರಣದಲ್ಲಿ ಬಂದ ಆದೇಶ ಅದು.

ಆ ತಾಯಿ ಇನ್ನೂ ಮೂವರನ್ನು ಕರೆದುಕೊಂಡು ಹೋಗಿ ಪತ್ರ ಕೊಟ್ಟು ಬಂದರು. ಮಗನನ್ನು ಯಾರೂ ಹೊರಗೆ ಕಳಿಸಲಿಲ್ಲ. ಈಗ ಅಲ್ಲಿ ಒಬ್ಬೊಬ್ಬರಿಗೂ ಹೆಸರು ಬರೆದ ಬಟ್ಟೆಯ ಕಪಾಟಿದೆಯಂತೆ.

ಮುಂದಿನ ಸಲ ನೋಡಲು ಹೋಗುವಾಗ ಹಣ್ಣು ಬಿಸ್ಕತ್ತಿನ ಜೊತೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನಾಂಕ, ತೂಕ, ಮೈಮೇಲಿನ ಗಾಯ, ಅವನು ಹೇಳಿದ ಮಾತು, ನೀವು ಕೇಳಿದ್ದಕ್ಕೆ ಬಂದ ಉತ್ತರ ಬರೆದಿಡಿ. ಕಾನೂನು ನೆರವಿಗೆ ಕರೆ ಮಾಡಬೇಕಾದ ಸಂಖ್ಯೆ 15100. ಅದನ್ನು ಆ ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದುಕೊಳ್ಳಿ.