ವ್ಯಾಪಾರಕ್ಕೊಂದು ಸ್ವಭಾವ

ಮನುಷ್ಯರಿಗಿರುವಂತೆ ವ್ಯಾಪಾರಕ್ಕೂ ಒಂದು ಸ್ವಭಾವವುಂಟೆಂದರೆ ನಮ್ಮ ವಿದ್ಯಾರ್ಥಿನಿಯರು ನಕ್ಕಾರು. ಗುಜರಾತಿನ ಅಮುಲ್ ಬೆಣ್ಣೆಯನ್ನು ನೋಡೋಣ. 1966ರಲ್ಲಿ ಸಿಲ್ವೆಸ್ಟರ್ ಡಕುನ್ಹಾ ಎಂಬವರೂ ಚಿತ್ರಗಾರರಾದ ಯೂಸ್ಟೇಸ್ ಫೆರ್ನಾಂಡಿಸರೂ ಅದಕ್ಕೆ ಒಬ್ಬ ಬಾಲಿಕೆಯನ್ನು ಕಲ್ಪಿಸಿಕೊಟ್ಟರು: ನೀಲಿ ಕೂದಲು, ಚುಕ್ಕೆಗಳ ಫ್ರಾಕು, ತುಂಟ ಮಾತು. ಬೆಣ್ಣೆಯನ್ನು ಹೊಗಳುವುದಕ್ಕಿಂತ ದೇಶದ ಸುದ್ದಿಯನ್ನಾಡುವುದೇ ಆಕೆಗೆ ಹೆಚ್ಚು ಪ್ರಿಯ. ಕ್ರಿಕೆಟ್, ಚಲನಚಿತ್ರ, ರಾಜಕಾರಣ ಯಾವುದನ್ನೂ ಬಿಡಳು. ಬೊಂಬಾಯಿಯ ಬೀದಿಗಳ ಫಲಕಗಳಲ್ಲಿ ಮೊದಲು ಕಾಣಿಸಿಕೊಂಡವಳು ಇಂದು ಸಾಮಾಜಿಕ ಜಾಲತಾಣಗಳಲ್ಲಿಯೂ ಅದೇ ಉಡುಪಿನಲ್ಲಿ, ಅದೇ ಧಾಟಿಯಲ್ಲಿ ಮಾತನಾಡುತ್ತಾಳೆ. ಹೆಸರನ್ನು ಮುಚ್ಚಿದರೂ ಯಾರ ಮಾತೆಂದು ತಿಳಿಯುವುದು.

ಮನೆಯಲ್ಲಿಯೇ ಉಪ್ಪಿನಕಾಯಿ ಹಾಕಿ ಫೋನಿನ ಮೂಲಕ ಮಾರಿ ಸಂಸಾರಕ್ಕೆ ನೆರವಾಗುವ ಹೆಣ್ಣುಮಕ್ಕಳು ಈಗ ಅನೇಕರು. ಅವರ ಪುಟಗಳನ್ನು ನೋಡುವಾಗ ನಮಗೆ ವ್ಯಸನವಾಗುವುದು. ಎಲ್ಲೆಲ್ಲಿಯೂ ‘ಅತ್ಯುತ್ತಮ ಗುಣಮಟ್ಟ, ಮಿತವಾದ ಬೆಲೆ’ ಎಂಬ ಎರವಲು ಮಾತೇ! ಮಾವಿನ ಮಿಡಿಯನ್ನು ಎಲ್ಲಿಂದ ತಂದರು, ಉಪ್ಪಿನಲ್ಲಿ ಎಷ್ಟು ದಿನ ಇಟ್ಟರು, ಈ ಸಲ ಖಾರವೇಕೆ ಹೆಚ್ಚಾಯಿತು ಎಂಬುದನ್ನು ನೆರೆಮನೆಯವರೊಡನೆ ಆಡುವಂತೆಯೇ ಬರೆಯಬಾರದೇಕೆ? ದೂರು ಬಂದಾಗಲೂ ಆ ದನಿಯಲ್ಲಿಯೇ ಉತ್ತರಿಸಬೇಕು. ನಗುನಗುತ್ತ ಮಾರಿದವರು ಭರಣಿ ಒಡೆದು ಬಂದ ದಿನ ಸರ್ಕಾರಿ ಕಾಗದದಂತೆ ಕ್ಷಮೆ ಕೇಳಿದರೆ ಕೊಂಡವರು ನಂಬರು.